ಧರ್ಮಗ್ರಂಥಕ್ಕೆ ಗಡ್ಡ ಅಂಟಿಸುವವರು

ಗಡ್ಡದ ಮೇಲೆ ನನಗೆ ವೈಯಕ್ತಿಕವಾದ ದ್ವೇಷವೇನೂ ಇಲ್ಲ. ನಮ್ಮ ತಾತನವರಿಗೆ ಎದೆಯುದ್ದದ ಗಡ್ಡವಿತ್ತು. ಅವರ ಗಾಂಭೀರ್ಯದಲ್ಲಿ ಅರ್ಧ ಪಾಲು ಅದರದೇ ಎಂದು ಅಜ್ಜಿ ಹೇಳುತ್ತಿದ್ದರು. ಆದರೆ ಬೈಬಲ್ಲಿನ ಕಥೆಯನ್ನು ಟೆಲಿವಿಷನ್ನಿಗೆ ತರುವುದೆಂದರೆ ಹತ್ತು ಜನ ಗಂಡಸರಿಗೆ ಗಡ್ಡ ಅಂಟಿಸಿ, ಕಂಬಳಿ ಹೊದಿಸಿ, ಮರಳಿನ ಮೇಲೆ ನಿಲ್ಲಿಸಿ, ಬೆನ್ನ ಹಿಂದೆ ಯಾರೋ ಹೆಂಗಸಿನಿಂದ ಅಕಾರದಲ್ಲಿ ಆಲಾಪ ಮಾಡಿಸುವುದು ಎಂದು ತಿಳಿದಿರುವವರು ದಿನದಿನಕ್ಕೆ ಹೆಚ್ಚುತ್ತಿರುವುದನ್ನು ನೋಡಿಯೂ ಸುಮ್ಮನಿರುವುದು ನನ್ನಿಂದ ಆಗುತ್ತಿಲ್ಲ.

ಮಾತು ಹೊರಟದ್ದು ಕಳೆದ ತಿಂಗಳು ನಡೆದ ಒಂದು ಗೋಷ್ಠಿಯಲ್ಲಿ. ನನಗಿಂತ ಹಿರಿಯರಾದ, ನಾನು ನಿಜವಾಗಿಯೂ ಗೌರವಿಸುವ ವಿಮರ್ಶಕರೊಬ್ಬರು ಅಧ್ಯಕ್ಷತೆ ವಹಿಸಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಬೈಬಲ್ ಕಥೆಗಳನ್ನು ಧಾರಾವಾಹಿ ಮಾಡುವ ಭರಾಟೆಯ ಪ್ರಸ್ತಾಪ ಬಂದಾಗ ಅವರು ಒಂದು ತೀರ್ಪು ಕೊಟ್ಟರು. ಆ ಕಥೆಗಳು ಸ್ವಭಾವತಃ ನಾಟಕಕ್ಕೆ ಒಗ್ಗುವಂಥವಲ್ಲ; ತೀರ ಚಿಕ್ಕವು; ಪಾತ್ರಗಳು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ; ಜೊತೆಗೆ ಪವಿತ್ರವೆಂಬ ಕಟ್ಟು ಬೇರೆ; ಆದ್ದರಿಂದ ನಿರ್ಮಾಪಕನಾದವನು ಒಂದೋ ಅದ್ಭುತಗಳನ್ನು ತೋರಿಸಿ ಕಣ್ಣು ಕೋರೈಸಬೇಕು, ಇಲ್ಲವೇ ಉಪದೇಶ ಮಾಡಬೇಕು ಎಂದರು. ಸಭೆ ತಲೆದೂಗಿತು. ವಂದನಾರ್ಪಣೆ ಆಯಿತು. ಉಪ್ಪಿಟ್ಟು ಕಾಫಿ ಬಂದವು. ಉಪ್ಪಿಟ್ಟು ತಿನ್ನುತ್ತ ವಾದ ಮಾಡುವುದು ನನಗೆ ಬಾರದ ವಿದ್ಯೆಯಾದ್ದರಿಂದ ಇಲ್ಲಿ ಮಾಡುತ್ತಿದ್ದೇನೆ. ವಾಚಕರು ಮನ್ನಿಸಬೇಕು.

ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದದ್ದು. ಟೆಲಿವಿಷನ್ನಿಗೆ ಹೇಳಿ ಮಾಡಿಸಿದಂಥ ಧರ್ಮಗ್ರಂಥ ಯಾವುದಾದರೂ ಇದ್ದರೆ ಅದು ಬೈಬಲ್ಲು. ಅದರಲ್ಲಿಯೂ ಹಳೆಯ ಒಡಂಬಡಿಕೆ. ಸಿನಿಮಾದ ಮಾತು ಬೇರೆ. ಮನೆ ಬಿಟ್ಟು ಹೊರಟು, ಟಿಕೆಟ್ಟು ಕೊಂಡು, ಕತ್ತಲಲ್ಲಿ ಕುಳಿತವನಿಗೆ ಕೆಂಪು ಸಮುದ್ರ ಇಬ್ಭಾಗವಾದರೆ ಕೊಟ್ಟ ಹಣ ಬಂದಂತಾಯಿತು. ಟೆಲಿವಿಷನ್ ಇರುವುದು ನಡುಮನೆಯಲ್ಲಿ. ಅದರ ಎದುರು ಅವರೆಕಾಯಿ ಸುಲಿಯುವವರುಂಟು, ಮಗುವಿಗೆ ಅನ್ನ ಕಲಸಿ ತಿನ್ನಿಸುವವರುಂಟು, ಅಣ್ಣತಮ್ಮಂದಿರು ಮಾತು ಬಿಟ್ಟು ಕುಳಿತಿರುವುದೂ ಉಂಟು. ಈಗ ಆದಿಕಾಂಡವನ್ನು ತೆರೆದು ನೋಡಿ. ಒಂದು ಬಟ್ಟಲು ಬೇಳೆಯ ಅಡಿಗೆಗೆ ಜ್ಯೇಷ್ಠಪುತ್ರನ ಹಕ್ಕನ್ನು ಮಾರಿಕೊಳ್ಳುವ ಅಣ್ಣ. ಕಣ್ಣು ಕಾಣದ ಗಂಡನನ್ನು ವಂಚಿಸಲು ಕಿರಿಯ ಮಗನ ಕೈಗೆ ಆಡಿನ ಮರಿಯ ಚರ್ಮ ಸುತ್ತಿ ಕಳುಹಿಸುವ ತಾಯಿ. ತಂಗಿಗೆಂದು ಬಂದ ವರನಿಗೆ ರಾತ್ರಿಯ ಕತ್ತಲಲ್ಲಿ ಅಕ್ಕನನ್ನು ಒಪ್ಪಿಸುವ ಮಾವ. ಒಬ್ಬ ಮಗನಿಗೆ ಮಾತ್ರ ಅಂದದ ನಿಲುವಂಗಿ ಹೊಲಿಸಿ ಅವನ ಅಣ್ಣಂದಿರ ಹೊಟ್ಟೆಯಲ್ಲಿ ಬೆಂಕಿ ಹಾಕುವ ಅಪ್ಪ. ನಮ್ಮ ಕೇರಿಯಲ್ಲಿ ನಡೆಯದಂಥದು ಇದರಲ್ಲಿ ಏನಿದೆ? ಇದಕ್ಕೆ ಸಾವಿರ ಒಂಟೆ ಬೇಕಿಲ್ಲ. ಒಂದು ಗುಡಾರ, ನಾಲ್ಕು ಮುಖ, ಆ ಮುಖಗಳನ್ನು ಹತ್ತಿರದಿಂದ ನೋಡುವ ಒಂದು ಕ್ಯಾಮರಾ ಸಾಕು.

ಆಗುತ್ತಿರುವುದು ಏನು? 2013ರಲ್ಲಿ ಅಮೆರಿಕದ ಹಿಸ್ಟರಿ ಚಾನೆಲ್‌ನಲ್ಲಿ ‘ದ ಬೈಬಲ್’ ಎಂಬ ಧಾರಾವಾಹಿ ಬಂತು. ಮಾರ್ಕ್ ಬರ್ನೆಟ್ ಮತ್ತು ರೋಮಾ ಡೌನಿ ಎಂಬ ದಂಪತಿಗಳು ಅದರ ನಿರ್ಮಾಪಕರು. ಜಗತ್ಸೃಷ್ಟಿಯಿಂದ ಪ್ರಕಟನೆಯ ಗ್ರಂಥದವರೆಗಿನ ಎಲ್ಲವೂ ಜಾಹೀರಾತು ಸೇರಿ 10 ಗಂಟೆಯಲ್ಲಿ ಮುಗಿಯಬೇಕು. ಮೊದಲ ರಾತ್ರಿಯೇ ಸುಮಾರು 1 ಕೋಟಿ 30 ಲಕ್ಷ ಮಂದಿ ನೋಡಿದರು. ನಾನೂ ಆಮೇಲೆ ಎಲ್ಲ ಕಂತುಗಳನ್ನೂ ಕುಳಿತು ನೋಡಿದೆ. ತೀರ್ಥಯಾತ್ರೆಯ ಸ್ಪೆಷಲ್ ಬಸ್ಸಿನವನು ‘ಇಳಿಯಿರಿ, ಕೈಮುಗಿಯಿರಿ, ಹತ್ತಿರಿ’ ಎಂದು ಅವಸರಪಡಿಸುವಂತೆ ನೋಹನ ಬಳಿ ಇಳಿಸಿ, ಅಬ್ರಹಾಮನ ಬಳಿ ಕೈಮುಗಿಸಿ, ಮೋಶೆಯ ಬಳಿ ಹತ್ತಿಸಿಕೊಂಡು ಹೋದರು. ಪುಣ್ಯ ಬಂದಿರಬಹುದು. ಯಾರ ಪರಿಚಯವೂ ಆಗಲಿಲ್ಲ.

ಅದರಲ್ಲಿನ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿದೆ. ಸೊದೋಮಿನಲ್ಲಿ ಲೋಟನ ಮನೆಗೆ ಇಬ್ಬರು ದೇವದೂತರು ಅತಿಥಿಗಳಾಗಿ ಬರುತ್ತಾರೆ. ಊರಿನ ಗಂಡಸರು ಮನೆಯನ್ನು ಮುತ್ತಿ ಆ ಅತಿಥಿಗಳನ್ನು ಹೊರಕ್ಕೆ ತಾ ಎನ್ನುತ್ತಾರೆ. ಮೂಲದಲ್ಲಿ ದೇವದೂತರು ಆ ಜನರಿಗೆ ಕಣ್ಣು ಕಾಣದಂತೆ ಮಾಡುತ್ತಾರೆ, ಅಷ್ಟೇ. ಅದಾದ ಮೇಲೂ ಅವರು ಬಾಗಿಲನ್ನು ತಡಕುತ್ತಲೇ ಇರುತ್ತಾರೆ, ತಡಕಿ ತಡಕಿ ದಣಿಯುತ್ತಾರೆ. ಕಣ್ಣು ಹೋದರೂ ಹಟ ಹೋಗಲಿಲ್ಲ! ಒಂದು ಮರದ ಬಾಗಿಲು, ಅದರ ಮೇಲೆ ಹರಿದಾಡುವ ನೂರು ಕುರುಡು ಕೈಗಳು, ಒಳಗೆ ಉಸಿರು ಬಿಗಿಹಿಡಿದ ಒಂದು ಸಂಸಾರ. ಕಾಸು ಖರ್ಚಿಲ್ಲದ ಇಂಥ ಭಯಂಕರ ದೃಶ್ಯವನ್ನು ಪುಣ್ಯಾತ್ಮನೊಬ್ಬ ಮೂರು ಸಾವಿರ ವರ್ಷಗಳಿಗೆ ಸಮೀಪದ ಹಿಂದೆ ಬರೆದಿಟ್ಟು ಹೋಗಿದ್ದಾನೆ. ಧಾರಾವಾಹಿಯವರು ಮಾಡಿದ್ದೇನು? ದೇವದೂತರಿಗೆ ಕವಚ ತೊಡಿಸಿ, ಕೈಗೆ ಕತ್ತಿ ಕೊಟ್ಟು, ಚಕಚಕನೆ ತಿರುಗಿಸಿ ಹೊಡೆದಾಟ ಮಾಡಿಸಿದರು. ಇದಕ್ಕೆ ಭಕ್ತಿಯೆಂದು ಹೆಸರು! ಬೈಬಲ್ಲಿನ ಕಥೆ ನಾಟಕಕ್ಕೆ ಒಗ್ಗದು ಎನ್ನುವವರನ್ನು ನಾನು ಕೇಳುವುದಿಷ್ಟೆ: ಇಲ್ಲಿ ನಾಟಕ ಬಾರದಿದ್ದದ್ದು ಯಾರಿಗೆ?

ಇನ್ನು ದಾವೀದನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ದಾವೀದನೆಂದ ಕೂಡಲೆ ಎಲ್ಲರೂ ಗೊಲ್ಯಾತನ ಕಡೆಗೆ ಓಡುತ್ತಾರೆ. 2025ರಲ್ಲಿ ಅಮೆಜಾನಿನವರು ತಂದ ‘ಹೌಸ್ ಆಫ್ ಡೇವಿಡ್’ ಧಾರಾವಾಹಿಯ ಮೊದಲ ಭಾಗ ಎಂಟು ಕಂತುಗಳ ಉದ್ದಕ್ಕೂ ಆ ಕವಣೆಯ ಕಲ್ಲಿನ ದಿಕ್ಕಿಗೇ ಸಾಗುತ್ತದೆ. ದೈತ್ಯರ ಹುಟ್ಟನ್ನು ತೋರಿಸಲು ಕೃತಕ ಬುದ್ಧಿಮತ್ತೆಯ ಯಂತ್ರದಿಂದಲೂ ಚಿತ್ರಗಳನ್ನು ಬರೆಸಿದ್ದಾರೆ. ಅದಕ್ಕೂ ಮುಂಚೆ, 2016ರಲ್ಲಿ, ಅಮೆರಿಕದ ಎಬಿಸಿ ಸಂಸ್ಥೆಯವರು ‘ಆಫ್ ಕಿಂಗ್ಸ್ ಅಂಡ್ ಪ್ರಾಫೆಟ್ಸ್’ ಎಂದು ಇದೇ ಕಥೆಯನ್ನು ರಕ್ತ ಮತ್ತು ಶಯ್ಯಾಗೃಹಗಳನ್ನು ಧಾರಾಳವಾಗಿ ಬೆರೆಸಿ ಬಡಿಸಿದರು. ಎರಡು ಕಂತಿಗೇ ನಿಂತುಹೋಯಿತು. ಹುಡುಗನು ದೈತ್ಯನನ್ನು ಕೊಂದದ್ದು ಒಳ್ಳೆಯ ಕಥೆಯೇ, ಮಕ್ಕಳಿಗೆ ಹೇಳತಕ್ಕದ್ದೇ. ಆದರೆ ಅದರಲ್ಲಿ ಒಂದು ಕ್ಷಣವಿದೆ, ನಾಟಕವಿಲ್ಲ. ಕಲ್ಲು ಹಣೆಗೆ ಬಿತ್ತು, ಮುಗಿಯಿತು.

ನಾಟಕ ಇರುವುದು ಬಹಳ ವರ್ಷಗಳ ಮೇಲೆ, ಅದೇ ಹುಡುಗ ನಡುವಯಸ್ಸಿನ ರಾಜನಾಗಿ ಯುದ್ಧಕ್ಕೆ ಹೋಗದೆ ಅರಮನೆಯಲ್ಲಿ ಉಳಿದುಕೊಂಡ ವಸಂತದಲ್ಲಿ. ಸಮುವೇಲನ ಎರಡನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯ. ಮಾಳಿಗೆಯ ಮೇಲಿಂದ ಸ್ನಾನ ಮಾಡುವ ಹೆಂಗಸನ್ನು ಕಂಡ, ಕರೆಸಿಕೊಂಡ, ಅವಳು ಬಸುರಾದಳು. ಚಿತ್ರ ತೆಗೆಯುವವರಿಗೆಲ್ಲ ಆ ಸ್ನಾನದ ಮೇಲೆಯೇ ಕಣ್ಣು. ಮೂಲದಲ್ಲಿ ಅದಕ್ಕೆ ಒಂದು ವಾಕ್ಯ ಕೂಡ ಪೂರ್ತಿ ಸಲ್ಲುವುದಿಲ್ಲ. ಆ ಹೆಂಗಸು, ಬತ್ಷೆಬೆ, ಇಡೀ ಅಧ್ಯಾಯದಲ್ಲಿ ಆಡಿದ ಮಾತು ಹೀಬ್ರೂ ಭಾಷೆಯಲ್ಲಿ ಎರಡೇ ಎರಡು ಪದ: ತಾನು ಬಸುರಿ ಎಂಬುದು. ಅದನ್ನು ಕೂಡ ಹೇಳಿಕಳುಹಿಸುತ್ತಾಳೆ, ಎದುರು ನಿಂತು ಹೇಳುವುದಿಲ್ಲ. ಇಲ್ಲಿಂದ ಮುಂದೆ ಶಾಸ್ತ್ರಕಾರನ ಲೇಖನಿ ನಿಧಾನವಾಗುತ್ತದೆ. ರಣರಂಗದಲ್ಲಿರುವ ಗಂಡ ಊರೀಯನನ್ನು ರಾಜ ಕರೆಸುತ್ತಾನೆ. ಯುದ್ಧ ಹೇಗೆ ನಡೆದಿದೆ, ಸೇನಾಪತಿ ಕ್ಷೇಮವೇ ಎಂದು ಕುಶಲ ಕೇಳುತ್ತಾನೆ. ಹೋಗಯ್ಯ, ಮನೆಗೆ ಹೋಗಿ ಕಾಲು ತೊಳೆದುಕೋ ಎನ್ನುತ್ತಾನೆ. ಹಿಂದೆಯೇ ಒಂದು ಉಡುಗೊರೆಯನ್ನೂ ಕಳುಹಿಸುತ್ತಾನೆ. ಊರೀಯ ಮನೆಗೆ ಹೋಗುವುದಿಲ್ಲ. ಅರಮನೆಯ ಬಾಗಿಲಲ್ಲಿ ಆಳುಗಳ ಜೊತೆ ಮಲಗುತ್ತಾನೆ. ಯಾಕೆಂದು ಕೇಳಿದರೆ, ದೇವರ ಮಂಜೂಷವೂ ಸೈನ್ಯವೂ ಬಯಲಲ್ಲಿ ಗುಡಾರಗಳಲ್ಲಿರುವಾಗ ನಾನು ಮನೆಗೆ ಹೋಗಿ ಉಂಡು ಹೆಂಡತಿಯ ಪಕ್ಕದಲ್ಲಿ ಮಲಗಲೇ ಎನ್ನುತ್ತಾನೆ. ಮರುದಿನ ರಾಜ ಅವನಿಗೆ ಕುಡಿಸಿ ಮತ್ತೇರಿಸುತ್ತಾನೆ. ಆಗಲೂ ಮನೆಗೆ ಹೋಗುವುದಿಲ್ಲ. ಕುಡಿದ ಊರೀಯ ಕುಡಿಯದ ದಾವೀದನಿಗಿಂತ ನಿಷ್ಠನಾಗಿ ನಿಂತ.

ಊರೀಯನಿಗೆ ವಿಷಯ ಗೊತ್ತಿತ್ತೆ? ಆ ಬಾಗಿಲಲ್ಲಿ ಮಲಗಿದ್ದು ಸೈನಿಕನ ಮುಗ್ಧ ನಿಷ್ಠೆಯೋ ಅಥವಾ ಎಲ್ಲವನ್ನೂ ಅರಿತ ಗಂಡನ ಮೌನ ಪ್ರತೀಕಾರವೋ? ಗ್ರಂಥ ಹೇಳುವುದಿಲ್ಲ. ನಮ್ಮ ಅಧ್ಯಕ್ಷರು ದೋಷವೆಂದದ್ದು ಇದನ್ನೇ ಅಲ್ಲವೇ, ಪಾತ್ರಗಳು ಮನಸ್ಸು ಬಿಚ್ಚುವುದಿಲ್ಲವೆಂದು? ಒಳ್ಳೆಯ ನಟನೊಬ್ಬನಿಗೆ ಇದಕ್ಕಿಂತ ದೊಡ್ಡ ವರ ಯಾವುದು? ಮೂರನೆಯ ದಿನ ರಾಜ ಸೇನಾಪತಿ ಯೋವಾಬನಿಗೆ ಒಂದು ಪತ್ರ ಬರೆಯುತ್ತಾನೆ. ಇವನನ್ನು ಕಾಳಗ ಬಿರುಸಾಗಿರುವ ಕಡೆ ಮುಂದೆ ನಿಲ್ಲಿಸಿ, ನೀವು ಹಿಂದೆ ಸರಿದು, ಸಾಯುವಂತೆ ಮಾಡಿರಿ ಎಂದು. ಆ ಪತ್ರವನ್ನು ಒಯ್ದವನು ಊರೀಯನೇ. ತನ್ನ ಮರಣದ ಓಲೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಒಬ್ಬ ಮನುಷ್ಯ ದಾರಿ ನಡೆಯುತ್ತಾನೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಥವಾ ಗೊತ್ತು. ಒಂದು ಕಂತಿನ ಅರ್ಧ ಭಾಗ ಆ ನಡಿಗೆಯನ್ನೇ ತೋರಿಸಿದರೂ ಯಾರೂ ಅವರೆಕಾಯಿಯ ಕಡೆ ನೋಡಲಾರರು. ಆಮೇಲೆ ಯೋವಾಬ ಸುದ್ದಿ ಒಯ್ಯುವ ದೂತನಿಗೆ ಪಾಠ ಹೇಳಿಕೊಡುವ ಸಂದರ್ಭವಿದೆ: ಗೋಡೆಯ ಹತ್ತಿರ ಯಾಕೆ ಹೋದಿರಿ ಎಂದು ರಾಜ ಸಿಟ್ಟಾದರೆ, ಊರೀಯನೂ ಸತ್ತನೆಂದು ಹೇಳು. ಇದು ಯಾವ ಸರ್ಕಾರಿ ಕಛೇರಿಯಲ್ಲಿ ಬೇಕಾದರೂ ನಡೆಯಬಹುದಾದ ಸಂಭಾಷಣೆ! ಒಬ್ಬನನ್ನು ಮುಗಿಸುವ ನೆಪದಲ್ಲಿ ಬೇರೆ ಸೈನಿಕರೂ ಸತ್ತರೆಂಬುದನ್ನು ಗ್ರಂಥ ಹೇಳುತ್ತದೆ, ಅವರ ಹೆಸರುಗಳನ್ನು ಹೇಳುವುದಿಲ್ಲ. ಈ ಅಧ್ಯಾಯವನ್ನು ಹೇಗೆ ಬರೆದಿದೆಯೋ ಹಾಗೆಯೇ ಧೈರ್ಯವಾಗಿ ತೋರಿಸಿದ ಧಾರಾವಾಹಿಯನ್ನು ನಾನು ಇನ್ನೂ ನೋಡಬೇಕಾಗಿದೆ.

ಧೈರ್ಯವೆಂದೆ. ಅಸಲು ರೋಗ ಇರುವುದು ಅಲ್ಲಿಯೇ. ಭಕ್ತಿಯ ಹೆಸರಿನಲ್ಲಿ ಹೆದರಿಕೆ. ದಾವೀದನ ನೀಚತನವನ್ನು ಮುಚ್ಚಿಡದೆ ಬರೆದವರು ಅವನನ್ನು ದೇವರ ಪ್ರೀತಿಪಾತ್ರನೆಂದು ನಂಬಿದ್ದವರೇ. ಅವರಿಗಿಲ್ಲದ ನಾಚಿಕೆ ಇವರಿಗೇಕೆ?

ಈ ಹೆದರಿಕೆಗೆ ಚರಿತ್ರೆಯಿದೆ. 1941ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬಿದ್ದ ಕಾಲದಲ್ಲಿ, ಬಿಬಿಸಿಯವರು ಡೊರೊಥಿ ಸೇಯರ್ಸ್ ಎಂಬ ಲೇಖಕಿಯಿಂದ ಯೇಸುವಿನ ಜೀವನವನ್ನು ಕುರಿತು 12 ರೇಡಿಯೋ ನಾಟಕಗಳನ್ನು ಬರೆಸಿದರು. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದವರು ಆಕೆ. ಆಗಿನ ಬ್ರಿಟನ್ನಿನಲ್ಲಿ ಯೇಸುವಿನ ಪಾತ್ರವನ್ನು ರಂಗದ ಮೇಲೆ ತರಲು ಅನುಮತಿಯೇ ಇರಲಿಲ್ಲ. ರೇಡಿಯೋದಲ್ಲಿ ದನಿ ಮಾತ್ರವಿದ್ದುದರಿಂದ ಹೇಗೋ ಪಾರಾಯಿತು. ಸೇಯರ್ಸ್ ತಮ್ಮ ಮತ್ತಾಯನಿಗೆ ಬೀದಿಯ ಆಡುಮಾತು ಕೊಟ್ಟರು. ಸುಂಕ ವಸೂಲಿ ಮಾಡುವವನು ಬೇರೆ ಯಾವ ಮಾತನ್ನು ಆಡಬೇಕಿತ್ತೋ! ಪ್ರಸಾರಕ್ಕೆ ಮುಂಚೆಯೇ ಗುಲ್ಲೆದ್ದಿತು. ಭಾನುವಾರದ ಪಾವಿತ್ರ್ಯವನ್ನು ಕಾಯುವುದಕ್ಕೆಂದೇ ಇದ್ದ ಸಂಘವೊಂದು ಪ್ರತಿಭಟಿಸಿತು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಸೇರಿದ್ದಕ್ಕೆ ಈ ನಾಟಕಗಳೇ ಕಾರಣವೆಂದವರೂ ಇದ್ದರು. ನಾಟಕಗಳು ನಿಲ್ಲಲಿಲ್ಲ. ಕೇಳಿದ ಅನೇಕರಿಗೆ ಅದುವರೆಗೆ ಬಣ್ಣದ ಗಾಜಿನ ಕಿಟಕಿಯಲ್ಲಿ ನಿಂತಿದ್ದವರು ಕೆಳಗಿಳಿದು ಬಂದಂತಾಯಿತು. ಸೇಯರ್ಸ್ ಅವರ ಯೂದ ಮೂವತ್ತು ಬೆಳ್ಳಿ ನಾಣ್ಯಕ್ಕೆ ಬಾಯಿ ಬಿಡುವ ಕಳ್ಳನಲ್ಲ. ಶಿಷ್ಯರಲ್ಲೆಲ್ಲ ಬುದ್ಧಿವಂತ, ಆ ಬುದ್ಧಿಯ ಗರ್ವದಿಂದಲೇ ಕೆಡುವವನು. ದುರ್ಯೋಧನನನ್ನು ಹಾಗೆ ಕಂಡ ರನ್ನನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1969ರಲ್ಲಿ ಡೆನಿಸ್ ಪಾಟರ್ ಬಿಬಿಸಿ ಟೆಲಿವಿಷನ್ನಿಗೆ ಬರೆದ ‘ಸನ್ ಆಫ್ ಮ್ಯಾನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಟುಡಿಯೋದೊಳಗೆ, ಅಲ್ಪ ಖರ್ಚಿನಲ್ಲಿ ತೆಗೆದದ್ದು. ಕಾಲಿನ್ ಬ್ಲೇಕ್ಲಿ ಎಂಬ ನಟನ ಯೇಸು ಗಿಡ್ಡ, ಗಟ್ಟಿಮುಟ್ಟು, ಬೆವರುವ ಮನುಷ್ಯ. ನಾನೇ ಹೌದೋ ಅಲ್ಲವೋ ಎಂಬ ಸಂಶಯದಲ್ಲಿ ಬೇಯುವವನು. ಒಂದೆಡೆ ಆತ ಶಿಲುಬೆಯ ಮರವನ್ನು ಬಡಗಿಯ ಕೈಯಿಂದ ಮುಟ್ಟಿ ನೋಡಿ, ಒಳ್ಳೆಯ ಮರವೆಂದು ಮೆಚ್ಚಿಕೊಳ್ಳುತ್ತಾನೆ. ಈ ಸನ್ನಿವೇಶ ಯಾವ ಸುವಾರ್ತೆಯಲ್ಲಿಯೂ ಇಲ್ಲ. ಆದರೆ ಬಡಗಿಯಾದವನು ಮರವನ್ನು ಕಂಡರೆ ಮುಟ್ಟದಿರುತ್ತಾನೆಯೇ? ಎಂಟು ವರ್ಷಗಳ ಮೇಲೆ, 1977ರಲ್ಲಿ, ಝೆಫಿರೆಲ್ಲಿಯವರ ‘ಜೀಸಸ್ ಆಫ್ ನಜರೆತ್’ ಬಂತು. ಯೇಸುವನ್ನು ಸಾಮಾನ್ಯ ಮನುಷ್ಯನಂತೆ ತೋರಿಸುತ್ತೇನೆಂದು ನಿರ್ದೇಶಕರು ಮೊದಲೇ ಬಾಯಿಬಿಟ್ಟದ್ದಕ್ಕೆ ಅಮೆರಿಕದ ಕೆಲವು ಧರ್ಮನಿಷ್ಠರು ಚಿತ್ರವನ್ನು ನೋಡುವುದಕ್ಕೆ ಮುಂಚೆಯೇ ಹುಯಿಲೆಬ್ಬಿಸಿದರು; ಪ್ರಾಯೋಜಕರಾಗಿದ್ದ ಜನರಲ್ ಮೋಟರ್ಸ್‌ನವರು ಹಿಂದೆ ಸರಿದರು. ಚಿತ್ರ ಬಂದ ಮೇಲೆ ನೋಡಿದರೆ ಎಲ್ಲಿಯ ಸಾಮಾನ್ಯ ಮನುಷ್ಯ! ರಾಬರ್ಟ್ ಪವೆಲ್ ತಮ್ಮ ನೀಲಿ ಕಣ್ಣುಗಳನ್ನು ಮಿಟುಕಿಸದೆ ನಮ್ಮನ್ನು ದಿಟ್ಟಿಸುತ್ತಾರೆ. ಚೆಂದವಾಗಿದೆ, ಅಲ್ಲವೆನ್ನುವುದಿಲ್ಲ. ಹಲವು ಸನ್ನಿವೇಶಗಳಲ್ಲಿ ನನಗೂ ಕಣ್ಣು ತೇವವಾಯಿತು. ಆದರೂ ಪಾಟರ್ ಕೆಳಗಿಳಿಸಿದ್ದವರನ್ನು ಮತ್ತೆ ಗಾಜಿನ ಕಿಟಕಿಗೇ ಹತ್ತಿಸಿದ ಹಾಗಾಯಿತು. ಆ ನೀಲಿ ಕಣ್ಣೇ ಮುಂದೆ ಎಷ್ಟೋ ಕ್ಯಾಲೆಂಡರುಗಳ ಕಣ್ಣಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ಹಾಗಾದರೆ ಶಾಸ್ತ್ರದಲ್ಲಿ ಇಲ್ಲದ್ದನ್ನು ಸೇರಿಸಬಹುದೇ? ಬೈಬಲ್ಲಿನ ಕಡೆಯ ಪುಟದಲ್ಲಿಯೇ, ಈ ಮಾತುಗಳಿಗೆ ಕೂಡಿಸುವವನಿಗೆ ಕೇಡು ಎಂಬ ಎಚ್ಚರಿಕೆಯಿದೆಯಲ್ಲ? ನನ್ನ ಉತ್ತರ: ಕ್ಯಾಮರಾವನ್ನು ಎಲ್ಲಿ ಇಡಬೇಕೆಂದು ಯೋಚಿಸಿದ ಕ್ಷಣದಲ್ಲಿಯೇ ನೀವು ಸೇರಿಸಿಯಾಯಿತು. ನಟನ ಮೂಗು ಸೇರಿಸಿದಿರಿ, ದನಿ ಸೇರಿಸಿದಿರಿ, ಸಂಜೆಯ ಬೆಳಕನ್ನು ಸೇರಿಸಿದಿರಿ. ಸೇರಿಸಬಾರದೆನ್ನುವವನು ನಾಟಕ ಮಾಡಬಾರದು, ಪಾರಾಯಣ ಮಾಡಬೇಕು. ಪಾರಾಯಣಕ್ಕೆ ನನ್ನ ವಿರೋಧವಿಲ್ಲ. ತಾಳಮದ್ದಳೆಯ ಅರ್ಥಧಾರಿ ಪ್ರಸಂಗದ ಪದ್ಯದಲ್ಲಿ ಇಲ್ಲದ ನೂರು ಮಾತುಗಳನ್ನು ಆಡುತ್ತಾನೆ. ಆದರೆ ಪದ್ಯ ಬಿಟ್ಟುಕೊಟ್ಟ ಅಂಗಳದಲ್ಲಿಯೇ ಆಡುತ್ತಾನೆ. ಬೇಲಿ ಹಾರಿದರೆ ಎದುರು ಕುಳಿತ ಇನ್ನೊಬ್ಬ ಅರ್ಥಧಾರಿ ಅಲ್ಲಿಯೇ ಹಿಡಿದುಹಾಕುತ್ತಾನೆ. ಟೆಲಿವಿಷನ್ನಿನವರಿಗೆ ಎದುರು ಕುಳಿತವನಿಲ್ಲ. ಅದೇ ತೊಂದರೆ.

ಅಂಗಳ ಬಲ್ಲವರೂ ಇದ್ದಾರೆ. 2010ರ ಕ್ರಿಸ್‌ಮಸ್ಸಿನ ವಾರದಲ್ಲಿ ಬಿಬಿಸಿಗಾಗಿ ಟೋನಿ ಜೋರ್ಡನ್ ಎಂಬುವರು ‘ದ ನೇಟಿವಿಟಿ’ ಬರೆದರು. ಅರ್ಧ ಗಂಟೆಯ ನಾಲ್ಕು ಕಂತು. ಈತ ಲಂಡನ್ನಿನ ಬಡ ಬಡಾವಣೆಯ ಸಂಸಾರಗಳ ಧಾರಾವಾಹಿ ‘ಈಸ್ಟ್ಎಂಡರ್ಸ್’ ಬರೆದು ಪಳಗಿದವರು. ಮತ್ತಾಯನ ಸುವಾರ್ತೆ ಯೋಸೇಫನ ಸಂಕಟವನ್ನು ಎರಡು ವಾಕ್ಯದಲ್ಲಿ ಮುಗಿಸುತ್ತದೆ: ನಿಶ್ಚಿತಾರ್ಥವಾದ ಹುಡುಗಿ ಬಸುರಿಯಾಗಿದ್ದಾಳೆ, ಮರ್ಯಾದಸ್ಥನಾದ್ದರಿಂದ ಗುಟ್ಟಾಗಿ ಬಿಟ್ಟುಬಿಡೋಣವೆಂದುಕೊಂಡ. ಜೋರ್ಡನ್ ಆ ಎರಡು ವಾಕ್ಯಗಳ ನಡುವೆ ಹೋಗಿ ಕುಳಿತರು. ಅವರ ಯೋಸೇಫ ಮರಿಯಳನ್ನು ಬೆತ್ಲೆಹೇಮಿಗೆ ಕರೆದೊಯ್ಯುತ್ತಾನೆ, ಆದರೆ ನಂಬುವುದಿಲ್ಲ. ಬಹುದೂರ ಅವಳೊಡನೆ ಸರಿಯಾಗಿ ಮಾತೇ ಇಲ್ಲ. ಹೆಣ್ಣು ಕೊಟ್ಟು ತಂದ ಯಾವ ಮನೆಯವರಿಗೂ ಆ ದಾರಿಯ ಉದ್ದ ಗೊತ್ತು. ‘ದ ಚೋಸನ್’ ಎಂಬ ಅಮೆರಿಕದ ಧಾರಾವಾಹಿಯಲ್ಲಿಯೂ ಇಂಥದೊಂದು ಇದೆ. ಡಲ್ಲಸ್ ಜೆಂಕಿನ್ಸ್ ಅವರು ಯಾವ ದೊಡ್ಡ ಕಂಪೆನಿಯ ಮನೆಬಾಗಿಲಿಗೂ ಹೋಗದೆ ಜನರಿಂದಲೇ 1 ಕೋಟಿ ಡಾಲರಿಗೂ ಮೇಲೆ ಕೂಡಿಸಿ 2019ರಲ್ಲಿ ಆರಂಭಿಸಿದ್ದು. ಅದರಲ್ಲಿ ಕಿರಿಯ ಯಾಕೋಬನೆಂಬ ಶಿಷ್ಯ ಕುಂಟ. ಆ ಪಾತ್ರ ವಹಿಸಿದ ನಟನ ಅಂಗವೈಕಲ್ಯವೂ ನಿಜವಾದದ್ದೇ. ಊರೂರಿಗೆ ಹೋಗಿ ರೋಗಿಗಳನ್ನು ವಾಸಿಮಾಡಿ ಬನ್ನಿ ಎಂದು ಗುರು ಶಿಷ್ಯರನ್ನು ಕಳುಹಿಸುವಾಗ ಈತ ಹಿಂದೆ ಉಳಿದು ಕೇಳುತ್ತಾನೆ, ನನ್ನನ್ನೇಕೆ ವಾಸಿಮಾಡಲಿಲ್ಲವೆಂದು. ಸುವಾರ್ತೆಗಳಲ್ಲಿ ಈ ಪ್ರಶ್ನೆಯಿಲ್ಲ. ಆದರೆ ಇಪ್ಪತ್ತು ಶತಮಾನಗಳಿಂದ ಆ ಪುಸ್ತಕವನ್ನು ಎದೆಗವಚಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದವರೆಲ್ಲ ಕೇಳಿದ ಪ್ರಶ್ನೆ ಇದೇ ಅಲ್ಲವೇ? (ಅದೇ ಧಾರಾವಾಹಿಯ ಶಿಷ್ಯರು ಆಗಾಗ ಇಂದಿನ ಕಾಲೇಜು ಹುಡುಗರ ಹಾಗೆ ತಮಾಷೆ ಮಾಡುವುದು ನನಗೆ ಹಿಡಿಸಲಿಲ್ಲ. ಇರಲಿ.)

ಅಂಗಳ ಮೀರಿದ್ದಕ್ಕೆ ಉದಾಹರಣೆ ಬ್ರೆಜಿಲ್. ಅಲ್ಲಿನ ರೆಕಾರ್ಡ್ ಎಂಬ ಟೆಲಿವಿಷನ್ ಸಂಸ್ಥೆ 2015ರಲ್ಲಿ ಮೋಶೆಯ ಕಥೆಯನ್ನು 170ಕ್ಕೂ ಮಿಕ್ಕಿದ ಕಂತುಗಳಲ್ಲಿ ಎಳೆಯಿತು. ಆ ಸಂಸ್ಥೆಯ ಒಡೆಯರು ಒಂದು ದೊಡ್ಡ ಚರ್ಚಿನ ಸ್ಥಾಪಕರೂ ಹೌದು. ಫರೋಹನ ಅಂತಃಪುರದ ಪ್ರೇಮ, ಅಸೂಯೆ, ಪಿತೂರಿಗಳನ್ನೆಲ್ಲ ತುರುಕಿದರು. ಕಡಲು ಸೀಳಿದ ರಾತ್ರಿ, ದೇಶದ ಅತಿ ದೊಡ್ಡ ಪ್ರತಿಸ್ಪರ್ಧಿ ಸಂಸ್ಥೆಯನ್ನೂ ಹಿಂದಿಕ್ಕುವಷ್ಟು ಮಂದಿ ನೋಡಿದರಂತೆ. ಜನ ನೋಡಿದರಲ್ಲ, ಮತ್ತೇನು ಬೇಕು ಎನ್ನುವಿರಾ? ಜಾತ್ರೆಯಲ್ಲಿ ಎರಡು ತಲೆಯ ಕರುವನ್ನೂ ಜನ ನೋಡುತ್ತಾರೆ.

ಇನ್ನೊಂದು ಮಾತು ನನ್ನ ಕಿವಿಗೇ ಬಿದ್ದಿದೆ: ಇವರ ಧರ್ಮಗ್ರಂಥವಲ್ಲದ್ದರ ಗೊಡವೆ ಇವರಿಗೇಕೆ? ಕಿಟೆಲ್ ಸಾಹೇಬರು 1862ರಲ್ಲಿಯೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದು ‘ಕಥಾಮಾಲೆ’ ಕಟ್ಟಿದರು. ಮಂಜೇಶ್ವರದ ಗೋವಿಂದ ಪೈಗಳು ಆತನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿ ಬರೆದಾಗ ಯಾರ ಅಪ್ಪಣೆಯನ್ನೂ ಕೇಳಿದಂತೆ ಕಾಣೆ. ಕಥೆಗೆ ಪಹಣಿ ಪತ್ರವಿಲ್ಲ. ಹೆಚ್ಚು ಹೇಳುವುದಿಲ್ಲ.

ಈಗ ನನ್ನ ಸ್ವಂತ ಗಾಯವನ್ನೂ ತೋರಿಸಿಬಿಡುತ್ತೇನೆ. ಇಷ್ಟೆಲ್ಲ ಕೂಗಾಡುವುದಕ್ಕೆ ಅದೂ ಒಂದು ಕಾರಣವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಮಂಗಳೂರಿನಲ್ಲಿ ನಾನು ಓದುತ್ತಿದ್ದಾಗ ನಮ್ಮ ಬಿಡಾರದ ಪಕ್ಕದಲ್ಲಿ ಒಬ್ಬರು ಅಜ್ಜಿಯಿದ್ದರು. ಹರೆಯದಿಂದ ಮುಪ್ಪಿನವರೆಗೆ ದೊಡ್ಡವರ ಬಂಗಲೆಗಳಲ್ಲಿ ಆಯಾ ಆಗಿ ದುಡಿದವರು. ಸಂಜೆ ಜಗಲಿಯಲ್ಲಿ ಕುಳಿತು ಕನ್ನಡದ ಸತ್ಯವೇದವನ್ನು ಗಟ್ಟಿಯಾಗಿ ಓದುವರು; ಕನ್ನಡಕ ಮಬ್ಬಾದ ಮೇಲೆ ನಾನು ಓದಿ ಹೇಳುತ್ತಿದ್ದೆ. ಒಂದು ದಿನ ಹಾಗರಳ ಕಥೆ ಬಂತು. ಸಾರಳ ದಾಸಿ, ಐಗುಪ್ತ ದೇಶದವಳು. ಯಜಮಾನಿಗೆ ಮಕ್ಕಳಿಲ್ಲವೆಂದು ಯಜಮಾನ ಅಬ್ರಹಾಮನಿಗೆ ಒಪ್ಪಿಸಲ್ಪಟ್ಟವಳು. ಅವಳಿಗೆ ಇಷ್ಮಾಯೇಲ ಹುಟ್ಟಿದ. ಮುಂದೆ ಸಾರಳಿಗೂ ಇಸಾಕ ಹುಟ್ಟಿದ. ಆಮೇಲೆ ದಾಸಿಯೂ ಅವಳ ಮಗನೂ ಬೇಡವಾದರು. ಅಬ್ರಹಾಮ ಬೆಳಿಗ್ಗೆ ಎದ್ದು ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಹಾಗರಳ ಹೆಗಲ ಮೇಲೆ ಹೊರಿಸಿ ಮಗನೊಂದಿಗೆ ಕಳುಹಿಸಿಬಿಟ್ಟ. ನಾನು ಓದುತ್ತ ಹೋದೆ. ಅಜ್ಜಿ ತಡೆದರು.

“ಅವನಿಗೆ ಎಷ್ಟು ಆಸ್ತಿ ಇತ್ತು ಮಗಾ?”

ಹಿಂದೆ ತಿರುವಿ ನೋಡಿ ಹೇಳಿದೆ: ದನಕರು, ಬೆಳ್ಳಿ, ಬಂಗಾರ ಎಲ್ಲ ಬಹಳ ಇತ್ತೆಂದು.

“ಕತ್ತೆ?”

ಇತ್ತು. ಮುಂದಿನ ಅಧ್ಯಾಯದಲ್ಲಿಯೇ, ಇಸಾಕನನ್ನು ಬಲಿಕೊಡಲು ಕರೆದೊಯ್ಯುವ ದಿನ, ಅದೇ ರೀತಿ ಬೆಳಿಗ್ಗೆ ಎದ್ದು ಅಬ್ರಹಾಮ ಕತ್ತೆಗೆ ತಡಿ ಹಾಕುತ್ತಾನೆ.

“ಇವಳಿಗೆ ಒಂದು ಕತ್ತೆಯಾದರೂ ಕೊಡಬಹುದಿತ್ತಲ್ಲ,” ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, “ಕೆಲಸದವಳಲ್ಲವಾ. ಓದು,” ಎಂದರು.

ಅದು ನನಗೆ ಸಿಕ್ಕಿದ ನಾಟಕದ ಮೊದಲ ಪಾಠ. ಆಮೇಲೆ ನಾನೇ ಹುಡುಕಿ ಇನ್ನೊಂದನ್ನು ಕಂಡುಕೊಂಡೆ. ಇಡೀ ಕಥೆಯಲ್ಲಿ ಸಾರಳಾಗಲಿ ಅಬ್ರಹಾಮನಾಗಲಿ ಒಂದು ಸಲವೂ ಹಾಗರಳ ಹೆಸರೆತ್ತಿ ಮಾತನಾಡುವುದಿಲ್ಲ. ‘ನನ್ನ ದಾಸಿ’, ‘ನಿನ್ನ ದಾಸಿ’, ‘ಈ ದಾಸಿ’ ಎಂಬುದೇ ಅವರ ಬಾಯಲ್ಲಿ. ಅವಳನ್ನು ಹೆಸರು ಹಿಡಿದು ಕರೆಯುವವನು ದೇವದೂತ ಮಾತ್ರ, ಅದೂ ಮರುಭೂಮಿಯಲ್ಲಿ. ಪ್ರತಿಯಾಗಿ ಅವಳು ದೇವರಿಗೆ ಒಂದು ಹೆಸರಿಡುತ್ತಾಳೆ, ನನ್ನನ್ನು ನೋಡುವವನು ಎಂಬರ್ಥದ್ದು. ಬೈಬಲ್ಲಿನಲ್ಲಿ ದೇವರಿಗೆ ಹೆಸರಿಟ್ಟ ಮೊದಲ ಮನುಷ್ಯಜೀವಿ ಈ ಕೆಲಸದವಳು.

ಕೆಲವು ವರ್ಷಗಳ ಹಿಂದೆ ಒಂದು ನಿರ್ಮಾಣ ಸಂಸ್ಥೆಗಾಗಿ (ಹೆಸರು ಬೇಡ) ಇದನ್ನು ಒಂದು ಗಂಟೆಯ ಟೆಲಿಚಿತ್ರವಾಗಿ ಬರೆದುಕೊಟ್ಟೆ. ನಾಲ್ಕು ಪಾತ್ರ, ಒಂದು ಗುಡಾರ, ಒಂದು ಬಾವಿ. ಮನೆಯೊಳಗೆ ಅವಳ ಹೆಸರನ್ನು ಯಾರೂ ಹೇಳಬಾರದು, ಕಡೆಯಲ್ಲಿ ಮಾತ್ರ ಕೇಳಬೇಕು, ಅಷ್ಟೇ ನನ್ನ ಯುಕ್ತಿ. ನಿರ್ಮಾಪಕರು ಓದಿ, ಮರಳಿನ ಬಿರುಗಾಳಿ ಇಲ್ಲವಲ್ಲ ಎಂದರು. ದೇವದೂತ ಬರೀ ದನಿಯಾಗಿ ಬಂದರೆ ಹೇಗೆ, ರೆಕ್ಕೆ ಬೇಡವೇ ಎಂದರು. ಸಲಹೆಗೆಂದು ಕರೆಸಿದ್ದ ಹಿರಿಯರೊಬ್ಬರು, ಬಹಳ ಸಜ್ಜನರು, ನನ್ನ ಕೈಹಿಡಿದುಕೊಂಡು, ಅಬ್ರಹಾಮನು ವಿಶ್ವಾಸಿಗಳೆಲ್ಲರ ತಂದೆ, ಅವನು ಅಳುತ್ತ ಅವಳಿಗೊಂದು ಚೀಲ ಬಂಗಾರದ ನಾಣ್ಯ ಕೊಟ್ಟಂತೆ ಬರೆಯಲಾಗದೆ ಎಂದು ಕೇಳಿದರು. ಸೇರಿಸಬಾರದೆಂದು ಮೊದಲ ದಿನ ಎಚ್ಚರಿಸಿದ್ದವರು ಅವರೇ! ಅಬ್ರಹಾಮನಿಗೆ ದುಃಖವಾಯಿತೆಂಬುದನ್ನು ಗ್ರಂಥವೇ ಹೇಳಿದೆ ಸ್ವಾಮಿ, ನಾನೂ ಬರೆದಿದ್ದೇನೆ. ಆದರೆ ಅವನು ಕೊಟ್ಟದ್ದು ರೊಟ್ಟಿ ಮತ್ತು ನೀರು ಎಂದೆ. ಅವರು ಮುಖ ಬಾಡಿಸಿಕೊಂಡರು. ಅವರ ನೋವು ಸುಳ್ಳಿನದಲ್ಲವೆಂದು ನನಗೆ ಗೊತ್ತಿತ್ತು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೂ ನಾಣ್ಯದ ಚೀಲವನ್ನು ಬರೆದಿದ್ದರೆ ಜಗಲಿಯ ಅಜ್ಜಿಗೆ ಏನೆಂದು ಉತ್ತರ ಹೇಳಲಿ?

ಬಿರುಗಾಳಿಯ ಬದಲು ನಾನು ಸೇರಿಸಿದ್ದು ಒಂದೇ ಒಂದು. ಹಾಗರ ತಿತ್ತಿಯನ್ನು ಹೆಗಲಿಗೆ ಏರಿಸಿಕೊಳ್ಳುವಾಗ ಹಿಂದೆ ಗುಡಾರದ ಗೂಟಕ್ಕೆ ಕಟ್ಟಿದ ಕತ್ತೆಯೊಂದು ನಿಂತು ಮೆಲ್ಲಗೆ ಹುಲ್ಲು ತಿನ್ನುತ್ತಿರಬೇಕು. ಯಾರೂ ಅದರ ಕಡೆ ನೋಡಬಾರದು. ನಿರ್ಮಾಪಕರು ಆ ಪುಟದ ಮೇಲೆ ಕೆಂಪು ಗೀಟು ಎಳೆದರು. “ಈ ಕತ್ತೆ ಯಾಕೆ ಸಾರ್? ಅದಕ್ಕೆ ಏನೂ ಕೆಲಸವೇ ಇಲ್ಲವಲ್ಲ,” ಎಂದರು.

ಹಸ್ತಪ್ರತಿ ಈಗ ನನ್ನ ಟ್ರಂಕಿನಲ್ಲಿದೆ. ಕತ್ತೆಗೆ ದಿನದ ಬಾಡಿಗೆ ಎಷ್ಟಾಗುತ್ತದೆಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ.